ನಾಯಿಗೆ ವೀರಗಲ್ಲು ಬೇಡ, ಹಗ್ಗ ಹಾಕಿ ಸಾಕು

ಗೆಳೆಯನೊಬ್ಬ ಫೇಸ್‌ಬುಕ್ಕಿನಲ್ಲಿ ತನ್ನ ನಾಯಿಯ ಫೋಟೋ ಹಾಕಿದ್ದ. ಮೂತಿ ಊದಿ ಕುಂಬಳಕಾಯಿ ಆಗಿದೆ, ಮುಂಗಾಲಿಗೆ ಡ್ರಿಪ್ ಹಾಕಿದ ಪಟ್ಟಿ. ಕೆಳಗೆ ಬರೆದಿದ್ದು: "ನನ್ನ ಹೀರೋ. ರ‍್ಯಾಟಲ್‌ಸ್ನೇಕ್ ಬಾಯಿಂದ ನನ್ನನ್ನು ಕಾಪಾಡಿದವನು." ಇನ್ನೂರಕ್ಕೂ ಹೆಚ್ಚು ಹೃದಯಗಳು. "ಮನುಷ್ಯರಿಗಿಂತ ನಾಯಿಯೇ ವಾಸಿ" ಅಂತ ಕಾಮೆಂಟುಗಳು. ನಾನು ಲೈಕ್ ಒತ್ತಲಿಲ್ಲ. ಯಾಕಂದ್ರೆ ಆವತ್ತು ನಾನೂ ಅಲ್ಲೇ ಇದ್ದೆ.

ಆನ್‌ಸೈಟ್ ಅಂತ ಕ್ಯಾಲಿಫೋರ್ನಿಯಾದಲ್ಲಿದ್ದ ದಿನಗಳು. ಮೇ ತಿಂಗಳ ಒಂದು ಶನಿವಾರ ಸ್ಯಾನ್ ಹೋಸೆ ಪೂರ್ವಕ್ಕಿರುವ ಗುಡ್ಡಗಳಿಗೆ ಹೋಗಿದ್ವಿ. ಅಷ್ಟೊತ್ತಿಗೆ ಅಲ್ಲಿನ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತೆ, ನಡುನಡುವೆ ಓಕ್ ಮರಗಳು. ಟ್ರೇಲ್ ಶುರುವಾಗೋ ಜಾಗದಲ್ಲೇ ಬೋರ್ಡು: ರ‍್ಯಾಟಲ್‌ಸ್ನೇಕ್ ಇವೆ, ನಾಯಿಯನ್ನು ಆರಡಿ ಹಗ್ಗದಲ್ಲೇ ಹಿಡಿದಿರಿ. ಗೆಳೆಯ ಬೋರ್ಡಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ. ಹತ್ತು ನಿಮಿಷ ನಡೆದ ಮೇಲೆ ನಾಯಿ ಹುಲ್ಲಲ್ಲಿ ಓಡಿ ಬರುವ ವಿಡಿಯೋ ಬೇಕು ಅಂತ ಹಗ್ಗ ಬಿಚ್ಚಿದ. ಲ್ಯಾಬ್ರಡಾರು, ಎರಡು ವರ್ಷದ್ದು. ಓಡಿತು, ಒಂದು ಬಂಡೆಯ ಬುಡಕ್ಕೆ ಮೂಗು ತೂರಿಸಿತು, ಕುಂಯ್ ಅಂತ ಹಿಂದೆ ಹಾರಿತು. ಮೂಗಿನ ಮೇಲೆ ಎರಡು ರಕ್ತದ ಚುಕ್ಕೆ. ಬಾಲದ ಗಿಲಕಿಯ ಸದ್ದು ನಮಗೆ ಕೇಳಿಸಿದ್ದು ಕಚ್ಚಿದ ಮೇಲೆ. ನಾವು ನಿಂತಿದ್ದು ಮೂವತ್ತು ಅಡಿ ದೂರದಲ್ಲಿ.

ಈಗ ಹೇಳಿ, ಇದರಲ್ಲಿ ಯಾರು ಯಾರನ್ನು ಕಾಪಾಡಿದರು? ಹಾವು ಅದರ ಪಾಡಿಗಿತ್ತು. ನಾವು ನಮ್ಮ ಪಾಡಿಗಿದ್ವಿ. ಮಧ್ಯೆ ನಾಯಿಯನ್ನು ಕಳಿಸಿದವರು ನಾವು.

ನಮ್ಮ ಆಫೀಸುಗಳಲ್ಲೂ ಇದೇ ಕತೆ ಅಲ್ವಾ? ಶುಕ್ರವಾರ ಸಂಜೆ ಟೆಸ್ಟ್ ಮಾಡದ ಕೋಡನ್ನು ಪ್ರೊಡಕ್ಷನ್ನಿಗೆ ತಳ್ಳುತ್ತಾರೆ. ರಾತ್ರಿಯೆಲ್ಲಾ ಒಬ್ಬ ಹುಡುಗ ಕೂತು ಸರಿ ಮಾಡ್ತಾನೆ. ಸೋಮವಾರ ಅವನಿಗೊಂದು ಸರ್ಟಿಫಿಕೇಟು, ಚಪ್ಪಾಳೆ. ತಳ್ಳಿದವರು ಯಾರು ಅಂತ ಕೇಳುವಷ್ಟರಲ್ಲಿ ಮೀಟಿಂಗ್ ಮುಗಿದಿರುತ್ತೆ. ಹೀರೋ ಹುಟ್ಟಿದ ಅಂದರೆ ಅದಕ್ಕೂ ಮುಂಚೆ ಎಲ್ಲೋ ಒಬ್ಬ ಬೇಜವಾಬ್ದಾರಿ ಮನುಷ್ಯ ಇದ್ದ ಅಂತಲೇ ಲೆಕ್ಕ.

ನಾಯಿಯನ್ನು ಹೀರೋ ಮಾಡುವುದು ನಮಗೆ ಹೊಸದಲ್ಲ. ನಮ್ಮೂರು ಮದ್ದೂರು ತಾಲ್ಲೂಕು. ಅದೇ ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ಒಂದು ಕಲ್ಲು ಸಿಕ್ಕಿದೆ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕಾಳಿ ಎಂಬ ಬೇಟೆನಾಯಿ ದೊಡ್ಡದೊಂದು ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು ಅಂತ ಹಳಗನ್ನಡದಲ್ಲಿ ಕೆತ್ತಿದ್ದಾರೆ. ನಾಯಿಯ ಒಡೆಯ ಮಣಲೇರ, ಗಂಗರ ಬೂತುಗನ ಕಡೆಯ ವೀರ. ಸಾವಿರ ವರ್ಷದ ಹಿಂದೆ ನಾಯಿಗೂ ಕಲ್ಲು ನಿಲ್ಲಿಸಿದ ಜನ ನಾವು ಅನ್ನೋದು ಹೆಮ್ಮೆಯ ವಿಷಯವೇ. ಆದರೆ ಆ ಶಾಸನ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೆ: ನಾಯಿಯನ್ನು ಹಂದಿಯ ಮೇಲೆ ಬಿಟ್ಟರು. ಬಿಟ್ಟವರು ಮನುಷ್ಯರು. ಶಾಸನ ಬರೆದವನಿಗಿದ್ದ ಪ್ರಾಮಾಣಿಕತೆ ನಮ್ಮ ಫೇಸ್‌ಬುಕ್ಕಿಗೆ ಇಲ್ಲ.

ಇಷ್ಟು ಕೋಪ ಯಾಕೆ ಅಂದರೆ, ಈ ಸುಳ್ಳನ್ನು ನಾನೂ ಹೇಳಿದ್ದೀನಿ. ಏಳನೇ ಕ್ಲಾಸಿನಲ್ಲಿದ್ದಾಗ ರಾತ್ರಿ ಕರೆಂಟ್ ಬಂದ ಮೇಲೆ ಕಬ್ಬಿನ ಗದ್ದೆಗೆ ನೀರು ತಿರುಗಿಸೋಕೆ ಅಪ್ಪನ ಜೊತೆ ಹೋಗ್ತಿದ್ದೆ. ಬರಿಗಾಲು, ಸೆಲ್ಲು ಮುಗಿಯುತ್ತಾ ಬಂದ ಟಾರ್ಚು. "ನಾಯಿ ಮುಂದ್ಕೆ ಬಿಡ್ಲಾ, ಹಾವು ಗೀವು ಇದ್ರೆ ಗೊತ್ತಾಯ್ತದೆ" ಅಂತಿತ್ತು ಅಪ್ಪ. ನಾನು ಕರಿಯನನ್ನು ಮುಂದೆ ಬಿಡ್ತಿದ್ದೆ. ಒಂದು ರಾತ್ರಿ ಒಣ ತರಗಿನ ಒಳಗೆ ಮಂಡಲದ ಹಾವಿತ್ತು. ಕುಕ್ಕರ್ ಸೀಟಿಯ ಹಾಗೆ ಬುಸುಗುಟ್ಟಿದ್ದು ಈಗಲೂ ಕಿವಿಯಲ್ಲಿದೆ. ಬೆಳಗಾಗುವಷ್ಟರಲ್ಲಿ ಕರಿಯನ ವಸಡಿನಿಂದ ರಕ್ತ ಬರ್ತಿತ್ತು. ಮಧ್ಯಾಹ್ನಕ್ಕೆ ಸತ್ತುಹೋಯ್ತು. ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿ ಅವ್ವ ಹೂವು ಹಾಕ್ತು. "ಹುಡುಗನ್ನ ಉಳಿಸಿ ತಾನು ಹೋಯ್ತು" ಅಂತ ಊರೆಲ್ಲಾ ಹೇಳ್ತು. ಕಾಲೇಜಲ್ಲಿ, ಆಫೀಸಿನ ಊಟದ ಟೇಬಲ್ಲಿನಲ್ಲಿ, ನಾನೂ ಆ ಕತೆಯನ್ನು ಹಾಗೇ ಹೇಳಿಕೊಂಡು ಬಂದೆ. ಕೇಳಿದವರ ಕಣ್ಣು ತುಂಬುತ್ತಿತ್ತು.

ಕ್ಯಾಲಿಫೋರ್ನಿಯಾದ ಆ ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಯುತ್ತಾ ಕೂತಾಗ ಮೊದಲ ಸಲ ಆ ಕತೆಯನ್ನು ಡೀಬಗ್ ಮಾಡಿದೆ. ಕರಿಯ ನನ್ನನ್ನು ಉಳಿಸಲು ಹೋಗಲಿಲ್ಲ. ನಾನು ಕಳಿಸಿದ್ದಕ್ಕೆ ಹೋಯ್ತು. ನಮಗೆ ಬೇಕಿದ್ದದ್ದು ಒಂದು ಜೊತೆ ಗಮ್‌ಬೂಟು, ಒಂದು ಒಳ್ಳೆ ಟಾರ್ಚು. ಅವೆರಡರ ಬದಲು ನಾಯಿಯನ್ನು ಬಳಸಿದೆವು. ಅಪ್ಪನ ಕೈಯಲ್ಲಿ ಆಗ ಕಾಸಿರಲಿಲ್ಲ, ಒಪ್ಪುತ್ತೀನಿ. ಗೆಳೆಯನಿಗೆ ಆ ನೆಪವೂ ಇಲ್ಲ. ಹಗ್ಗ ಅವನ ಜೇಬಿನಲ್ಲೇ ಇತ್ತು.

ಅಮೆರಿಕದಲ್ಲಿ ನಾಯಿ ಸಾಕಿದ ನಮ್ಮವರ ಹತ್ತಿರ ಇದನ್ನು ಹೇಳಿದರೆ ಮೂರು ಉತ್ತರ ಬರುತ್ತೆ.

ಒಂದು, "ಲಸಿಕೆ ಹಾಕ್ಸಿದ್ದೀವಿ." ರ‍್ಯಾಟಲ್‌ಸ್ನೇಕಿಗೆ ಅಂತ ನಾಯಿಗಳಿಗೊಂದು ಲಸಿಕೆ ಬಂದಿದ್ದು ನಿಜ. ಆದರೆ ಅದನ್ನು ಮಾಡಿದ್ದು ವೆಸ್ಟರ್ನ್ ಡೈಮಂಡ್‌ಬ್ಯಾಕ್ ಎಂಬ ಜಾತಿಯ ವಿಷ ಇಟ್ಟುಕೊಂಡು. ಸ್ಯಾನ್ ಹೋಸೆ ಗುಡ್ಡದಲ್ಲಿರೋದು ನಾರ್ದರ್ನ್ ಪೆಸಿಫಿಕ್ ಎಂಬ ಬೇರೆ ಜಾತಿ. ಲಸಿಕೆ ಹಾಕಿಸಿದ ನಾಯಿಗೆ ಕಚ್ಚಿದರೂ ತಕ್ಷಣ ಆಸ್ಪತ್ರೆಗೆ ಓಡಲೇಬೇಕು ಅಂತ ಪಶುವೈದ್ಯರೇ ಹೇಳ್ತಾರೆ. ಹೆಲ್ಮೆಟ್ ಇದೆ ಅಂತ ರಾಂಗ್ ಸೈಡಿನಲ್ಲಿ ಹೋಗ್ತೀರಾ?

ಎರಡು, "ಟ್ರೈನಿಂಗ್ ಕೊಡ್ಸಿದ್ದೀವಿ." ಬಾಯಿ ಕಟ್ಟಿದ ಜೀವಂತ ಹಾವನ್ನು ಮುಂದಿಟ್ಟು, ನಾಯಿ ಮೂಸಲು ಹೋದಾಗ ಕೊರಳಪಟ್ಟಿಯಿಂದ ಶಾಕ್ ಕೊಡುವ ತರಗತಿಗಳಿವೆ. ಶಾಕ್ ಇಲ್ಲದೆ ಕಲಿಸುವವರೂ ಇದ್ದಾರೆ. ಕೆಲವು ನಾಯಿಗಳು ಕಲಿಯುತ್ತವೆ, ಇಲ್ಲ ಅನ್ನಲ್ಲ. ಆದರೆ ಪಾಠ ಕಲಿತದ್ದು ನಾಯಿ, ಧೈರ್ಯ ಬರೋದು ನಮಗೆ. ಟ್ರೈನಿಂಗ್ ಆಗಿದೆ ಅಂತ ಹಗ್ಗ ಬಿಚ್ಚುತ್ತೀವಿ. ಅಳಿಲು ಕಂಡು ಓಡುವ ನಾಯಿಗೆ ಪೊದೆಯ ಹಿಂದೆ ಸುರುಳಿ ಸುತ್ತಿರೋ ಹಾವಿನ ವಾಸನೆ ಬರುವಷ್ಟರಲ್ಲಿ ಕಾಲು ಅದರ ಮೇಲಿರುತ್ತೆ.

ಮೂರು, "ಹಾವುಗಳನ್ನೇ ಮುಗಿಸಿಬಿಡಬೇಕು." ಟೆಕ್ಸಾಸಿನ ಸ್ವೀಟ್‌ವಾಟರ್ ಊರಲ್ಲಿ 1958ರಿಂದ ಪ್ರತಿ ಮಾರ್ಚಿನಲ್ಲಿ ರ‍್ಯಾಟಲ್‌ಸ್ನೇಕ್ ಹಿಡಿದು ಕೊಲ್ಲುವ ಜಾತ್ರೆ ನಡೆಯುತ್ತೆ. ಹಾವು ಕಡಿಮೆ ಮಾಡಲಿಕ್ಕೆ ಅಂತ ಶುರುವಾದದ್ದು, ಅರವತ್ತು ವರ್ಷ ಆದರೂ ನಿಂತಿಲ್ಲ. ಹಾವು ಮುಗಿದಿದ್ದರೆ ಜಾತ್ರೆಯೂ ಮುಗಿಯಬೇಕಿತ್ತಲ್ಲ? ಇಲಿ, ಅಳಿಲು ತಿಂದು ಬದುಕುವ ಹಾವು ಅದು. ಅವು ಇರುವ ಕಡೆ ಅದೂ ಇರುತ್ತೆ. ಇನ್ನು ಗುದ್ದಲಿ ಹಿಡಿದು ಹೊಡೆಯಲು ಹೋಗುವವರಿಗೆ ಒಂದು ಮಾತು: ತಲೆ ಕತ್ತರಿಸಿ ಬಿದ್ದ ಮೇಲೂ ರ‍್ಯಾಟಲ್‌ಸ್ನೇಕಿನ ಬಾಯಿ ಕಚ್ಚಬಲ್ಲದು. ಕತ್ತರಿಸಿದ ತಲೆಯನ್ನು ಮೊದಲು ಮೂಸಲು ಬರೋದು ಯಾರು ಅಂತ ಹೇಳಬೇಕಾಗಿಲ್ಲ.

ಉಳಿಸುವ ಕೆಲಸಗಳೆಲ್ಲಾ ನೀರಸವಾದವು. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಬಿಟ್ಟು ಆರಡಿಯ ಮಾಮೂಲಿ ಹಗ್ಗ. ಹಾವು ಸಾಮಾನ್ಯವಾಗಿ ತನ್ನ ಉದ್ದದ ಅರ್ಧದಷ್ಟು ದೂರಕ್ಕೆ ಎರಗುತ್ತೆ, ಹಾಗಾಗಿ ಅಗಲವಾದ ದಾರಿಯ ನಡುವಲ್ಲಿ ನಡೆಯುವ ನಾಯಿಗೆ ಅಪಾಯ ಕಡಿಮೆ. ಬೇಸಿಗೆಯ ಮುಸ್ಸಂಜೆ, ರಾತ್ರಿ ಹುಲ್ಲಿನ ದಾರಿ ಬೇಡ. ಅಲ್ಲಿನ ಹಳ್ಳಿಗಾಡಿನಲ್ಲಿ ಮನೆ ಇದ್ದರೆ ಹುಲ್ಲು ಕತ್ತರಿಸಿ, ಸೌದೆ ರಾಶಿ, ಕಲ್ಲಿನ ರಾಶಿ ತೆಗೆಯಿರಿ, ಇಲಿ ಕರೆಯುವ ಹಕ್ಕಿಕಾಳು ಚೆಲ್ಲಬೇಡಿ. ನಾಯಿ ಆಡುವ ಅಂಗಳಕ್ಕೆ ಕಾಲಿಂಚು ಕಣ್ಣಿನ ಜಾಲರಿ, ಬುಡವನ್ನು ಮಣ್ಣಲ್ಲಿ ಹೂತು, ಮೂರಡಿ ಎತ್ತರಕ್ಕೆ ಕಟ್ಟಿ.

ಕಚ್ಚೇಬಿಟ್ಟರೆ? ಕೊರಳಪಟ್ಟಿ ತೆಗೆಯಿರಿ, ಊತ ಕುತ್ತಿಗೆಗೆ ಇಳಿಯುತ್ತೆ. ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಚೀಪೋದು, ಐಸ್ ಇಡೋದು ಯಾವುದೂ ಬೇಡ. ಎತ್ತಿಕೊಳ್ಳೋಕೆ ಆಗುವ ನಾಯಿಯಾದರೆ ನಡೆಸಬೇಡಿ. ದಾರಿಯಲ್ಲೇ ಫೋನ್ ಮಾಡಿ ವಿಷನಿರೋಧಕ ಇದೆಯಾ ಅಂತ ಕೇಳಿ, ಎಲ್ಲಾ ಕ್ಲಿನಿಕ್‌ಗಳಲ್ಲೂ ಇರಲ್ಲ. ನಾವು ಮೊದಲು ಹೋದ ಕಡೆ ಇರಲಿಲ್ಲ. ನಲವತ್ತು ನಿಮಿಷ ಹೋಯ್ತು. ಒಂದೊಂದು ಸೀಸೆಗೆ ನೂರಾರು ಡಾಲರ್, ಎರಡು ಬೇಕಾಯ್ತು. ನಾಯಿ ಬದುಕಿತು. ಬದುಕಿಸಿದ್ದು ಕಾರು, ಕ್ರೆಡಿಟ್ ಕಾರ್ಡು, ಔಷಧಿ. ಈ ಮೂರರ ಬಗ್ಗೆ ಪೋಸ್ಟಿನಲ್ಲಿ ಒಂದಕ್ಷರ ಇಲ್ಲ.

ಮನುಷ್ಯರ ಲೆಕ್ಕವೂ ಇದನ್ನೇ ಹೇಳುತ್ತೆ. ಅಮೆರಿಕದಲ್ಲಿ ವರ್ಷಕ್ಕೆ 7ರಿಂದ 8 ಸಾವಿರ ಜನಕ್ಕೆ ವಿಷದ ಹಾವು ಕಚ್ಚುತ್ತೆ, ಸಾಯುವವರು ಸುಮಾರು ಐದು ಜನ. ನಮ್ಮಲ್ಲಿ 2000ದಿಂದ 2019ರವರೆಗೆ ಸತ್ತವರು ಸುಮಾರು 12 ಲಕ್ಷ ಅಂತ ಒಂದು ಅಧ್ಯಯನದ ಅಂದಾಜು. ನಮ್ಮ ಹಾವುಗಳು ಬೇರೆ, ಬರಿಗಾಲಲ್ಲಿ ಗದ್ದೆಗಿಳಿಯುವ ಜನವೂ ಹೆಚ್ಚು, ನಿಜ. ಆದರೆ ಅಲ್ಲಿಯವರು ಉಳಿಯುವುದರಲ್ಲಿ ಬೂಟು, ರಸ್ತೆ, ಆಸ್ಪತ್ರೆ, ಔಷಧಿಗಳ ಪಾಲು ದೊಡ್ಡದು. ವೀರರು ಅಲ್ಲಿ ಹೆಚ್ಚಿದ್ದಾರೆ ಅಂತಲ್ಲ.

"ನಾಯಿ ಸ್ವಾತಂತ್ರ್ಯದ ಪ್ರಾಣಿ, ಕಟ್ಟೋದು ಕ್ರೌರ್ಯ" ಅನ್ನುವವರಿದ್ದಾರೆ. ಓಡಲಿ ಸ್ವಾಮಿ, ಬೇಲಿ ಇರುವ ನಾಯಿಪಾರ್ಕಿನಲ್ಲಿ ದಿನಾ ಓಡಲಿ. ಹಾವಿನ ಗುಡ್ಡದಲ್ಲಿ ಓಡಬೇಕು ಅಂತ ನಾಯಿ ಕೇಳಿರಲಿಲ್ಲ, ವಿಡಿಯೋ ಬೇಕಿದ್ದದ್ದು ನಮಗೆ. ನೀವು ವೀಕೆಂಡ್ ಹೋಗುವ ಹೋಮ್‌ಸ್ಟೇ, ಸಾಲ ಮಾಡಿ ತಗೊಂಡ ಫಾರ್ಮ್ ಪ್ಲಾಟುಗಳಿಗೂ ಈ ಮಾತು ಹೊಂದುತ್ತೆ. ಅಲ್ಲಿ ಗಿಲಕಿ ಹಾವಿಲ್ಲ ಅಷ್ಟೆ. ನಾಗರ ಇದೆ, ಮಂಡಲ ಇದೆ, ಅವುಗಳ ಬಾಲದಲ್ಲಿ ಸದ್ದೂ ಬರಲ್ಲ.

ಗೆಳೆಯನ ಪೋಸ್ಟಿನ ಕೆಳಗೆ ಕೊನೆಗೆ ನಾನೂ ಒಂದು ಸಾಲು ಬರೆದೆ: "ಹಗ್ಗ ಬಿಚ್ಚಿದ್ದು ಯಾರು ಅಂತಲೂ ಹಾಕಪ್ಪಾ." ಅಳಿಸಿ ಹಾಕಿದ. ಆರು ತಿಂಗಳು ಮಾತು ಬಿಟ್ಟಿದ್ದ.

ಊರಿಗೆ ಬಂದಾಗ ಅಪ್ಪನಿಗೆ ಗಮ್‌ಬೂಟು, ತಲೆಗೆ ಕಟ್ಟುವ ಟಾರ್ಚು ತಂದುಕೊಟ್ಟೆ. "ಬೂಟ್ ಹಾಕ್ಕಂಡು ಗದ್ದೆಗೋದ್ರೆ ಜನ ನಗ್ತಾರೆ ಕಣ್ಲಾ" ಅಂತು. ನಗಲಿ ಬಿಡು ಅಂದೆ. ಈಗ ಮನೆಯಲ್ಲಿರುವ ನಾಯಿಯ ಹೆಸರೂ ಕರಿಯನೇ. ರಾತ್ರಿ ಮೋಟರ್ ಹಾಕೋಕೆ ಅಪ್ಪ ಬೂಟು ಹಾಕಿಕೊಂಡು ಒಂದೇ ಹೋಗುತ್ತೆ. ನಾಯಿಯನ್ನು ಜಗಲಿ ಕಂಬಕ್ಕೆ ಕಟ್ಟಿರುತ್ತೆ. ಅಪ್ಪ ವಾಪಸ್ ಬರೋವರೆಗೂ ಅದು ಬೊಗಳ್ತಾನೇ ಇರುತ್ತಂತೆ, ಅವ್ವನಿಗೆ ನಿದ್ದೆ ಇಲ್ಲ. ಫೋನಿನಲ್ಲಿ ಬೈತಾಳೆ. ಬೈಯಲಿ.