ಎಷ್ಟು ಔಷಧ ಸಾಕು ಎಂದು ಕೇಳುವವರು ಯಾರು?

ಕ್ಯಾನ್ಸರ್ ಸಂಶೋಧನೆಯ ಸುದ್ದಿ ಎಂದರೆ ಹೊಸ ಔಷಧದ, ಹೆಚ್ಚು ಔಷಧದ, ದುಬಾರಿ ಔಷಧದ ಸುದ್ದಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದಕ್ಕೆ ವ್ಯತಿರಿಕ್ತವಾದ ಒಂದು ಪ್ರಯೋಗದ ಫಲಿತಾಂಶ 2019ರ ಡಿಸೆಂಬರ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ಫ್ಲೈಯರ್’ ಎಂಬ ಹೆಸರಿನ ಆ ಪ್ರಯೋಗ ಕೇಳಿದ ಪ್ರಶ್ನೆ ಸರಳವಾಗಿತ್ತು: ಆರಂಭಿಕ ಹಂತದ ಲಿಂಫೋಮಾ ರೋಗಿಗೆ ರೂಢಿಯಲ್ಲಿರುವಷ್ಟು ಕೀಮೊಥೆರಪಿ ನಿಜಕ್ಕೂ ಬೇಕೆ? ಬೇಕಿಲ್ಲ ಎಂಬ ಉತ್ತರ ದೊರೆಯಿತು. ನಮ್ಮ ರಾಜ್ಯದ ಆರೋಗ್ಯ ನೀತಿಯ ದೃಷ್ಟಿಯಿಂದ ಆ ಉತ್ತರದಷ್ಟೇ ಆ ಪ್ರಶ್ನೆಯೂ ಮುಖ್ಯವಾದದ್ದು.

ಲಿಂಫೋಮಾ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ಇದರ ಬಗೆಗಳು ಹಲವು. ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು ‘ಬಿ’ ಜೀವಕೋಶಗಳಿಂದ ಹುಟ್ಟಿ ಬೇಗ ಬೆಳೆಯುವ ಒಂದು ಬಗೆ. ಇದಕ್ಕೆ 1970ರ ದಶಕದಿಂದ ‘ಚಾಪ್’ ಎಂಬ ನಾಲ್ಕು ಔಷಧಗಳ ಕೀಮೊಥೆರಪಿ ರೂಢಿಯಲ್ಲಿತ್ತು. 1997ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದ ರಿಟುಕ್ಸಿಮ್ಯಾಬ್ ಚಿಕಿತ್ಸೆಯ ಚಿತ್ರವನ್ನು ಬದಲಿಸಿತು. ಅದು ರೋಗಗ್ರಸ್ತ ಜೀವಕೋಶದ ಮೇಲ್ಮೈಯಲ್ಲಿರುವ ‘ಸಿಡಿ 20’ ಎಂಬ ಗುರುತಿಗೆ ಅಂಟಿಕೊಂಡು, ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಕೋಶವನ್ನು ನಾಶಮಾಡುವಂತೆ ಪ್ರೇರೇಪಿಸುವ ಪ್ರತಿಕಾಯ. 824 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೀಮೊಥೆರಪಿಯೊಡನೆ ರಿಟುಕ್ಸಿಮ್ಯಾಬ್ ಸೇರಿಸಿದಾಗ ಮೂರು ವರ್ಷ ಬದುಕುಳಿದವರ ಪ್ರಮಾಣ ಶೇ 84ರಿಂದ ಶೇ 93ಕ್ಕೆ ಏರಿತು.

ಇಮ್ಯುನೊಥೆರಪಿ ಇಷ್ಟು ಕೆಲಸ ಮಾಡುವುದಾದರೆ ಕೀಮೊಥೆರಪಿಯನ್ನು ತಗ್ಗಿಸಬಾರದೇಕೆ? ‘ಫ್ಲೈಯರ್’ ಹೊರಟದ್ದು ಇಲ್ಲಿಂದ. 18ರಿಂದ 60 ವರ್ಷದೊಳಗಿನ 592 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರು ಸುತ್ತು, ಇನ್ನೊಂದಕ್ಕೆ ನಾಲ್ಕೇ ಸುತ್ತು ಕೀಮೊಥೆರಪಿ ನೀಡಲಾಯಿತು. ರಿಟುಕ್ಸಿಮ್ಯಾಬ್ ಎರಡೂ ಗುಂಪಿಗೆ ಆರು ಬಾರಿ. ಮೂರು ವರ್ಷಗಳ ನಂತರ ರೋಗ ಉಲ್ಬಣಿಸದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 94, ಎರಡನೆಯದರಲ್ಲಿ ಶೇ 96. ಅಡ್ಡಪರಿಣಾಮಗಳು ಎರಡನೆಯ ಗುಂಪಿನಲ್ಲಿ ಗಣನೀಯವಾಗಿ ಕಡಿಮೆಯಾಗಿದ್ದವು.

ಎರಡು ಸುತ್ತು ಕಡಿಮೆ ಎಂದರೇನೆಂಬುದು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನಿಂದ ನೋಡಿದಾಗ ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ ಇಪ್ಪತ್ತೊಂದು ದಿನಗಳಿಗೊಮ್ಮೆ ಚಿಕಿತ್ಸೆ. ಪ್ರತಿ ಬಾರಿಯೂ ರೋಗಿಯೊಡನೆ ಮನೆಯವರೊಬ್ಬರು ಬೆಂಗಳೂರಿಗೆ ಹೊರಡಬೇಕು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ರೇಷ್ಮೆ ಬೆಳೆಗಾರನ ಮನೆಯಿಂದ ಇಬ್ಬರು ಹೊರಟರೆ ಆ ಬೆಳೆಯೇ ಕೈತಪ್ಪಬಹುದು. ಹಸು ಕರೆಯುವವರಿಲ್ಲದಿದ್ದರೆ ಡೇರಿಯ ಬಟವಾಡೆಯೂ ನಿಲ್ಲುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ರಕ್ಷಣೆ ಒದಗಿಸಿತು. ಆದರೆ ಕಳೆದುಹೋದ ಕೂಲಿಗೆ, ಕೆಟ್ಟ ಬೆಳೆಗೆ, ಬಸ್ ಚಾರ್ಜಿಗೆ ಯಾವ ಪ್ಯಾಕೇಜಿನಲ್ಲೂ ದರ ನಿಗದಿಯಾಗಿಲ್ಲ. ಅರ್ಥಶಾಸ್ತ್ರದಲ್ಲಿ ಇವನ್ನು ಪರೋಕ್ಷ ವೆಚ್ಚ ಎನ್ನುತ್ತಾರೆ. ಹಳ್ಳಿಯ ಮನೆಗೆ ಇವೇ ಪ್ರತ್ಯಕ್ಷ ವೆಚ್ಚ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಫ್ಲೈಯರ್’ ಫಲಿತಾಂಶ ಅನ್ವಯಿಸುವುದು ರೋಗ ಒಂದನೇ ಅಥವಾ ಎರಡನೇ ಹಂತದಲ್ಲಿದ್ದು, ಗೆಡ್ಡೆ ಏಳೂವರೆ ಸೆಂಟಿಮೀಟರ್‌ಗಿಂತ ಚಿಕ್ಕದಾಗಿರುವವರಿಗೆ ಮಾತ್ರ. ನಮ್ಮಲ್ಲಿ ಆ ಹಂತದಲ್ಲಿ ರೋಗ ಪತ್ತೆಯಾಗುವುದೇ ಕಷ್ಟ. ಕುತ್ತಿಗೆಯ ಗಂಟು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆ ಇವೆಲ್ಲ ಕ್ಷಯರೋಗದ ಲಕ್ಷಣಗಳೂ ಹೌದು. ಕ್ಷಯ ವ್ಯಾಪಕವಾಗಿರುವ ದೇಶದಲ್ಲಿ ವೈದ್ಯರು ಮೊದಲು ಅದನ್ನೇ ಶಂಕಿಸುವುದು ಸಹಜ. ಆದರೆ ಗಂಟಿನ ಬಯಾಪ್ಸಿ ಮಾಡಿಸದೆ, ಕ್ಷಯವೆಂಬ ಊಹೆಯ ಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರೆ, ನಾಲ್ಕು ಸುತ್ತಿನಲ್ಲಿ ಗುಣವಾಗಬಹುದಾಗಿದ್ದ ರೋಗ ಕೈಮೀರುತ್ತದೆ. ಸೂಜಿಯಿಂದ ತೆಗೆದ ಮಾದರಿ ಲಿಂಫೋಮಾದ ಬಗೆಯನ್ನು ನಿರ್ಧರಿಸಲು ಅನೇಕ ವೇಳೆ ಸಾಲದು. ಗಂಟನ್ನೇ ತೆಗೆದು ಪರೀಕ್ಷಿಸಬೇಕು, ‘ಸಿಡಿ 20’ ಇದೆಯೇ ಎಂದು ನೋಡಬೇಕು. ಗಂಟು ತೆಗೆಯುವುದು ತಾಲ್ಲೂಕು ಆಸ್ಪತ್ರೆಯ ಶಸ್ತ್ರಚಿಕಿತ್ಸಕರು ಮಾಡಬಲ್ಲ ಕೆಲಸ. ಮಾದರಿಯನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ತಲುಪಿಸಿ ವರದಿ ತರಿಸುವ ವ್ಯವಸ್ಥೆಯೊಂದೇ ಬೇಕಾದದ್ದು.

ಇನ್ನು ಮೂಲ ಪ್ರಶ್ನೆಗೆ ಬರೋಣ. ಕಡಿಮೆ ಔಷಧ ಸಾಕೇ ಎಂಬ ಪ್ರಯೋಗಕ್ಕೆ ಹಣ ಹೂಡುವುದು ಔಷಧ ಕಂಪನಿಗಳಿಗೆ ಲಾಭದ ಬಾಬಲ್ಲ. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಮಾರುವವನು ತನ್ನ ಸರಕಿನ ಬೇಡಿಕೆ ತಗ್ಗಿಸಲು ಖರ್ಚು ಮಾಡುವುದಿಲ್ಲ, ಅಷ್ಟೆ. ‘ಫ್ಲೈಯರ್’ಗೆ ಹಣ ಒದಗಿಸಿದ್ದು ಜರ್ಮನಿಯ ಕ್ಯಾನ್ಸರ್ ನೆರವಿನ ದತ್ತಿ ಸಂಸ್ಥೆ. ಭಾರತದಲ್ಲೂ ಇಂಥ ಪ್ರಯತ್ನ ನಡೆದಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಉಲ್ಬಣಗೊಂಡಿದ್ದ 151 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ನಿವೊಲುಮ್ಯಾಬ್ ಎಂಬ ದುಬಾರಿ ಇಮ್ಯುನೊಥೆರಪಿ ಔಷಧವನ್ನು ರೂಢಿಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಅಂದರೆ 20 ಮಿಲಿಗ್ರಾಂ ಮಾತ್ರ ನೀಡಿದಾಗಲೂ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16ರಿಂದ ಶೇ 43ಕ್ಕೆ ಏರಿತು. ಇದೇ ನಿವೊಲುಮ್ಯಾಬ್ ಅನ್ನು ಆರಂಭಿಕ ಹಂತದ ಹಾಜ್ಕಿನ್ ಲಿಂಫೋಮಾದಲ್ಲಿ ಕೀಮೊಥೆರಪಿಯೊಡನೆ ಸೇರಿಸಿ ಪರೀಕ್ಷಿಸುವ ದೊಡ್ಡ ಪ್ರಯೋಗ 2023ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅಲ್ಲಿ ಬಳಸುವುದು ಪೂರ್ಣ ಪ್ರಮಾಣ. ಅದು ಯಶಸ್ವಿಯಾದರೆ ಆ ಪ್ರಮಾಣದ ಬೆಲೆ ತೆರುವ ಶಕ್ತಿ ನಮ್ಮ ಎಷ್ಟು ಕುಟುಂಬಗಳಿಗಿದೆ? ಒಂದು ರೋಗದ ಫಲಿತಾಂಶವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು. ಕಡಿಮೆ ಪ್ರಮಾಣ ಲಿಂಫೋಮಾದಲ್ಲೂ ಸಾಕೇ ಎಂಬುದನ್ನು ಪ್ರತ್ಯೇಕ ಪ್ರಯೋಗದಿಂದಲೇ ತಿಳಿಯಬೇಕು.

ಬಡವರಿಗೆ ಕಡಿಮೆ ಔಷಧ ಕೊಟ್ಟು ಕೈತೊಳೆದುಕೊಳ್ಳುವ ಹುನ್ನಾರ ಇದು ಎಂದು ಕೆಲವರು ಆಕ್ಷೇಪಿಸಬಹುದು. ಈ ಸಂಶಯಕ್ಕೆ ಕಾರಣಗಳಿಲ್ಲದಿಲ್ಲ. ಭಾರತದಲ್ಲಿ ನಡೆದ ಔಷಧ ಪ್ರಯೋಗಗಳ ಲೋಪಗಳ ಬಗ್ಗೆ 2013ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಮಾತನಾಡಬೇಕಾಯಿತು. ಆದರೆ ಪ್ರಯೋಗವಿಲ್ಲದೆಯೂ ಬಡವರು ಕಡಿಮೆ ಚಿಕಿತ್ಸೆಯನ್ನೇ ಪಡೆಯುತ್ತಿದ್ದಾರೆ ಎಂಬುದನ್ನು ಮರೆಯಬಾರದು. ಹಣ ಮುಗಿದಲ್ಲಿಗೆ ಚಿಕಿತ್ಸೆ ಮುಗಿಯುತ್ತದೆ. ಅದು ಸಾಕೇ ಸಾಲದೇ ಎಂದು ಅಳೆಯುವವರಿಲ್ಲ. ಪ್ರಯೋಗದಲ್ಲಾದರೆ ರೋಗಿಯ ಲಿಖಿತ ಒಪ್ಪಿಗೆ, ನೈತಿಕ ಸಮಿತಿಯ ಕಣ್ಗಾವಲು, ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಇರುತ್ತವೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು, ಈಗಾಗಲೇ ಮಂಜೂರಾದ ಔಷಧವನ್ನು ಹೊಸ ಪ್ರಮಾಣದಲ್ಲಿ ಪರೀಕ್ಷಿಸುವ ಶೈಕ್ಷಣಿಕ ಪ್ರಯೋಗಗಳಿಗೆ ದಾರಿಯನ್ನೂ ಸುಗಮಗೊಳಿಸಿವೆ. ಕಾನೂನು ಅಡ್ಡಿಯಾಗಿಲ್ಲ. ಕೊರತೆಯಿರುವುದು ಹಣದ್ದು, ಅದಕ್ಕಿಂತ ಹೆಚ್ಚಾಗಿ ಇಚ್ಛೆಯದ್ದು.

ಸರ್ಕಾರ ಇಲ್ಲಿ ದಾನಿಯಾಗಬೇಕಿಲ್ಲ. ಆರೋಗ್ಯ ಯೋಜನೆಗಳ ಮೂಲಕ ಅದು ಕ್ಯಾನ್ಸರ್ ಔಷಧಗಳ ದೊಡ್ಡ ಖರೀದಿದಾರ. ಕಡಿಮೆ ಸಾಕು ಎಂದು ರುಜುವಾತಾದರೆ ಉಳಿಯುವುದು ಖಜಾನೆಯದೇ ಹಣ. ಆದ್ದರಿಂದ ಕ್ಯಾನ್ಸರ್ ಪ್ಯಾಕೇಜುಗಳ ವಾರ್ಷಿಕ ವೆಚ್ಚದ ಒಂದು ಸಣ್ಣ ಪಾಲನ್ನು ಇಂಥ ಪ್ರಯೋಗಗಳಿಗೆ ಮೀಸಲಿಡುವುದು ಹೂಡಿಕೆಯಾಗುತ್ತದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದರ ನೇತೃತ್ವ ವಹಿಸಲಿ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಕನ್ನಡದಲ್ಲಿರಲಿ. ರೋಗಿ ಹಾಗೂ ಜೊತೆಗಾರರ ಪ್ರಯಾಣ ವೆಚ್ಚ, ಕೂಲಿ ನಷ್ಟ ಪ್ರಯೋಗದ ಬಜೆಟ್ಟಿನಲ್ಲೇ ಸೇರಲಿ. ಇದರ ಜೊತೆಗೇ, ಎರಡು–ಮೂರು ವಾರಗಳಲ್ಲಿ ಕರಗದ ಗಂಟಿಗೆ ಬಯಾಪ್ಸಿ ಮಾಡಿಸಬೇಕೆಂಬ ಸುತ್ತೋಲೆ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಹೋಗಲಿ, ಪಾಲನೆಯಾಗಿದೆಯೇ ಎಂಬ ತಪಾಸಣೆಯೂ ನಡೆಯಲಿ. ಸುತ್ತೋಲೆ ಹೊರಡಿಸುವುದು ಸುಲಭ, ಅದನ್ನು ಬೆನ್ನಟ್ಟುವುದೇ ಆಡಳಿತ.

2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಹೆಸರಿನಲ್ಲಿ ಹೊಂಗನೂರು ರಾಜಧಾನಿಗೆ ಹತ್ತಿರವಾಯಿತು. ಅಲ್ಲಿನವರ ಕುತ್ತಿಗೆಯ ಗಂಟು ಎಷ್ಟು ವಾರಗಳಲ್ಲಿ ಬೆಂಗಳೂರಿನ ಸೂಕ್ಷ್ಮದರ್ಶಕದಡಿ ಬರುತ್ತದೆ ಎಂಬುದೇ ಆ ಸಾಮೀಪ್ಯದ ನಿಜವಾದ ಅಳತೆ.