ಗಾಡಿ ತಗೊಳ್ರಿ, ನಿಮ್ಮ ಹೆಸರಿಗೇ ತಗೊಳ್ರಿ



ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ನಮ್ಮ ಕೇರಿಗಳಲ್ಲಿ ನಲವತ್ತು ದಾಟಿದವರೂ ಈಗ ಮೊದಲ ಬೈಕ್ ತಗೊಳ್ಳಾಕ ಹೊಂಟಾರ. ಗದಗ-ಬೆಟಗೇರಿಗೆ ದುಡಿಯಾಕ ಬರೋರಿಗೆ ರಾತ್ರಿ ಬಸ್ಸಿನ ಚಿಂತಿ ತಪ್ಪತೈತಿ. ತಗೊಳ್ರಿ. ಆದ್ರ ಎಲ್ಲಾರೂ ಕೇಳೋದು, "ಅಣ್ಣಾ, ಯಾವ ಕಂಪನಿದು ಚಲೋ?" ಅದು ಕಡೀ ಪ್ರಶ್ನೆ. ಮೊದಲನೇದು, ರೊಕ್ಕ ಯಾರದು? ಎರಡನೇದು, ಹೆಸರು ಯಾರದು?

ಹೊಲದ ಮಾಲೀಕರ ಕಡೆ ಮುಂಗಡ ಇಸಗೊಂಡು ಗಾಡಿ ತಗೋಬ್ಯಾಡ್ರಿ. "ದುಡಿದು ತೀರಿಸು" ಅಂತಾರ, ಲೆಕ್ಕದ ವಹಿ ಮಾತ್ರ ಅವರ ಕೈಯಾಗ. ಮದುವಿ ಸಾಲಕ್ಕ ದುಡದ್ರೂ ಜೀತ, ಬೈಕಿನ ಸಾಲಕ್ಕ ದುಡದ್ರೂ ಜೀತ. 1976ರ ಕಾಯ್ದೆ ಅದನ್ನ ನಿಷೇಧಿಸೈತಿ.

ಫೈನಾನ್ಸಿನವರು "ಫ್ಲಾಟ್" ಬಡ್ಡಿ ಅಂದ್ರ ಪೆನ್ನು ಹಿಡೀರಿ. 80,000 ಸಾಲ, 3 ವರ್ಷ, ಫ್ಲಾಟ್ 10 ಪರ್ಸೆಂಟ್ ಅಂದ್ರ ಬಡ್ಡಿನೇ 24,000. ಅಸಲು ಕಡಿಮೆ ಆದ್ರೂ ಬಡ್ಡಿ ಪೂರಾ 80,000ಕ್ಕೇ ಬೀಳತೈತಿ. ಅದಕ್ಕಿಂತ ಕೂಡಿಟ್ಟ ರೊಕ್ಕದಾಗ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡ್ರ ಏನೂ ಅವಮಾನ ಇಲ್ಲ.

ಹಳೇದಾದ್ರ ಇಂಜಿನ್, ಚಾಸಿ ನಂಬರ್ ಆರ್‌ಸಿ ಜೊತಿ ತಾಳೆ ನೋಡ್ರಿ. ಹಿಂದಿನ ಸಾಲ ಇದ್ರ ಎನ್‌ಒಸಿ, ಫಾರ್ಮ್ 35 ಕೈಗೆ ಬರೋತನಕ ರೊಕ್ಕ ಕೊಡಬ್ಯಾಡ್ರಿ. ಫಾರ್ಮ್ 29, 30ಕ್ಕೆ ಸಹಿ ಮಾಡಿಸಿ, 30 ದಿನದೊಳಗ ಆರ್‌ಟಿಒದಾಗ ಅರ್ಜಿ ಹಾಕ್ರಿ. ಇನ್ಶೂರೆನ್ಸೂ ನಿಮ್ಮ ಹೆಸರಿಗೆ ಆಗಲಿ. ಹೊಲದ ಉತಾರದಾಗ ನಮ್ಮ ಬಹಳ ಮಂದಿ ಹೆಸರೇ ಇಲ್ಲ. ಎಷ್ಟೋ ಮನಿಗಳಿಗೆ ಈ ಆರ್‌ಸಿನೇ ಮೊದಲ ಆಸ್ತಿ ಕಾಗದ. ಅಕ್ಕಂದಿರ ದುಡಿಮೆ ಅದರಾಗ ಇದ್ರ, ಅವರ ಹೆಸರಿಗೇ ಮಾಡಿಸ್ರಿ.

ಓಡಿಸೋದು ಕಲಿತೇ ತಗೊಳ್ರಿ. 1929ರಾಗ ಚಾಳೀಸಗಾಂವ್‌ನ ಟಾಂಗಾದವರು ಬಾಬಾಸಾಹೇಬರನ್ನ ಕರಕೊಂಡು ಹೋಗಾಕ ಒಪ್ಪಲಿಲ್ಲ. ಅವರ ಮರ್ಯಾದಿ ಉಳಿಸಬೇಕಂತ ನಮ್ಮ ಮಂದಿ ಬರೀ ಟಾಂಗಾ ಬಾಡಿಗಿ ಹಿಡಿದು, ಓಡಿಸಿ ರೂಢಿ ಇಲ್ಲದ ತಮ್ಮವನ ಕೈಗೇ ಲಗಾಮು ಕೊಟ್ರು. ಬಾಬಾಸಾಹೇಬರು ಕಲ್ಲಿನ ಮ್ಯಾಲೆ ಬಿದ್ದು ಕಾಲು ಮುರಿದುಕೊಂಡ್ರು. ಆ ಪ್ರೀತಿ ದೊಡ್ಡದು, ಪಾಠನೂ ದೊಡ್ಡದು. ಮೊದಲು ಎಲ್‌ಎಲ್‌ಆರ್, ಒಂದು ತಿಂಗಳ ಕಲಿಕೆ, ಡಿಎಲ್, ಐಎಸ್‌ಐ ಹೆಲ್ಮೆಟ್. ಆಮ್ಯಾಲೆ ರಸ್ತೆ.

ಇನ್ನ ಕಂಪನಿ ಯಾವುದು? ಕೂತಾಗ ಎರಡೂ ಕಾಲು ನೆಲಕ್ಕ ಮುಟ್ಟೋದು, ನಿಮ್ಮೂರ ಮೆಕ್ಯಾನಿಕ್‌ಗೆ ರಿಪೇರಿ ಬರೋದು, ಅಷ್ಟೇ. ನಂಬರ್ ಪ್ಲೇಟಿನ ಮ್ಯಾಲೆ ಏನೂ ಬರೆಸಬ್ಯಾಡ್ರಿ, ದಂಡ ಬೀಳತೈತಿ. ಟ್ಯಾಂಕ್ ಮ್ಯಾಲೆ ನೀಲಿ ಬಣ್ಣದಾಗ ಬಾಬಾಸಾಹೇಬರನ್ನ ಬರೆಸ್ರಿ. "ಕೇರಿಯವರೂ ಬೈಕ್ ಹತ್ತಿದ್ರು" ಅನ್ನೋರು ಅನ್ನಲಿ. ಕಾಗದ ನಿಮ್ಮ ಹೆಸರಿಗಿದ್ರ ಯಾರ ಮುಂದೂ ಗಾಡಿ ಇಳಿದು ತಳ್ಳಿಕೊಂಡು ಹೋಗೋ ಕಾರಣ ಇಲ್ಲ.