ಹೊಳ್ಳಿ ಯಾವಾಗ ಹೋಗಾಂವ?

ಹೊಳೆಆಲೂರಿನ ನನ್ನ ಪರಿಚಯದವರೊಬ್ಬರು ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಹದಿನಾಲ್ಕು ವರ್ಷ ಎಸಿ ರಿಪೇರಿ ಮಾಡಿ ಊರಿಗೆ ಮರಳಿದರು. ರೈಲು ಇಳಿದು ಮನೆ ಸೇರುವಷ್ಟರಲ್ಲಿ ಮೂವರು ಹಿರಿಯರು ಒಂದೇ ಮಾತು ಕೇಳಿದರಂತೆ: ‘ಯಾವಾಗ ಬಂದ್ಯೋ? ಹೊಳ್ಳಿ ಯಾವಾಗ ಹೋಗಾಂವ?’ ಮೊದಲನೆಯದಕ್ಕೆ ಉತ್ತರ ಕೊಟ್ಟರು, ಎರಡನೆಯದಕ್ಕೆ ಬರೀ ನಕ್ಕರು. ಇನ್ನು ಹೋಗುವುದಿಲ್ಲ ಎಂದು ಹೇಳಲು ಅವರಿಗೆ ಎರಡು ತಿಂಗಳು ಬೇಕಾಯಿತು. ಹೇಳಿದ ಮೇಲೆ ಚಹಾದಂಗಡಿಯಲ್ಲಿ ಎದ್ದು ಜಾಗ ಕೊಡುತ್ತಿದ್ದವರು ಎದ್ದೇಳುವುದನ್ನು ಬಿಟ್ಟರು.

‘ಗಲ್ಫಿನಿಂದ ಬಂದವರು ಊರಿಗೆ ಹೊಂದಿಕೊಳ್ಳುವುದಿಲ್ಲ, ಅವರಿಗೆ ಧಿಮಾಕು’ ಎಂಬ ಮಾತು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನಾನು ಇದನ್ನು ಒಪ್ಪುವುದಿಲ್ಲ. ಅಷ್ಟು ವರ್ಷ ನಾವು ಒಗ್ಗಿಕೊಂಡದ್ದು ಅವರು ಕಳಿಸುವ ಹಣಕ್ಕೆ. ಹಣ ನಿಂತು ಮನುಷ್ಯ ಬಂದಾಗ ಹೊಂದಿಕೊಳ್ಳಲಾಗದೆ ಒದ್ದಾಡುತ್ತಿರುವವರು ನಾವು.

ಆ ಹಣ ಎಲ್ಲಿ ಹೋಯಿತು? ತಂಗಿಯರ ಮದುವೆ, ತಮ್ಮನ ಆಟೋ, ಆರ್‌ಸಿಸಿ ಮನೆ, ಮಸೀದಿಯ ಚಂದಾ. ಮನೆ ತಂದೆಯ ಹೆಸರಿನಲ್ಲಿ, ಆಟೋ ತಮ್ಮನ ಹೆಸರಿನಲ್ಲಿ. ಅವರ ಹೆಸರಿನಲ್ಲಿ ಉಳಿದದ್ದು ಪಾಸ್‌ಪೋರ್ಟ್ ಒಂದೇ. ಸೌದಿ ಕಾನೂನಿನ ಪ್ರಕಾರ ಕೆಲಸ ಬಿಡುವವನಿಗೆ ಸಿಗುವ ಇಡುಗಂಟು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೊಂದು ತಿಂಗಳ ಸಂಬಳ. ಹದಿನಾಲ್ಕು ವರ್ಷಕ್ಕೆ ಹನ್ನೊಂದೂವರೆ ತಿಂಗಳ ಸಂಬಳವಾಯಿತು. ಇಡೀ ಯೌವನದ ಬೆಲೆ ಅಷ್ಟೇ!

ಕೂಲಿಕಾರನಿಗೆ ಗಲ್ಫ್ ದೇಶಗಳು ಪೌರತ್ವ ಕೊಡುವುದಿಲ್ಲ. ಹೋದವನು ಒಂದು ದಿನ ಬರಲೇಬೇಕು. 2011ರ ನಿತಾಕಾತ್, ಕುಟುಂಬದವರ ಮೇಲೆ 2017ರಲ್ಲಿ ಬಿದ್ದ ತಿಂಗಳ ಶುಲ್ಕ, 2020ರ ಕೊರೊನಾ ಪ್ರತಿ ಸಲವೂ ಜನರನ್ನು ವಾಪಸು ಕಳಿಸಿದವು. ಪ್ರತಿ ಸಲವೂ ಮೊದಲ ಬಾರಿ ಕಂಡವರಂತೆ ನಾವು ಕಣ್ಣರಳಿಸಿದೆವು. ಕೇರಳ 1996ರಲ್ಲೇ ಇದಕ್ಕೊಂದು ಇಲಾಖೆ ತೆರೆಯಿತು. ಮರಳಿದವರು 30 ಲಕ್ಷ ರೂಪಾಯಿವರೆಗಿನ ಉದ್ಯೋಗ ಹೂಡಿದರೆ ಅಲ್ಲಿ ಬಂಡವಾಳಕ್ಕೆ ಸಬ್ಸಿಡಿಯುಂಟು. ನಮ್ಮ ರಾಜ್ಯದಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ. ರೋಣ ತಾಲ್ಲೂಕಿನ ಹಳ್ಳಿಗಳಲ್ಲಿ ಅದರ ವಿಳಾಸ ಬಲ್ಲವರೆಷ್ಟು ಮಂದಿ? ಭಟ್ಕಳ, ಮಂಗಳೂರಿನವರಿಗೆ ಗಲ್ಫಿನ ನಗರಗಳಲ್ಲಿ ತಮ್ಮದೇ ಜಮಾತ್‌ಗಳಿವೆ, ಸಂಘಗಳಿವೆ. ನಮ್ಮ ಎರೆಸೀಮೆಯಿಂದ ಏಜೆಂಟನನ್ನು ನಂಬಿ ಒಂಟಿಯಾಗಿ ಹೋದವನು ಬರುವಾಗಲೂ ಒಂಟಿ.

ಸರಕಾರವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಚಂದಾ ಬರೆದುಕೊಳ್ಳಲು ಪುಸ್ತಕ ಇಟ್ಟ ನಮ್ಮ ಜಮಾತ್‌ಗಳು, ಯಾರು ಮರಳಿದರು, ಯಾವ ಕೆಲಸ ಬಲ್ಲರು ಎಂದು ಬರೆದಿಡಲು ಇನ್ನೊಂದು ಪುಸ್ತಕ ಏಕೆ ಇಡಬಾರದು? ಈಗ ದುಡಿಯುತ್ತಿರುವವನ ಹಣದಲ್ಲಿ ಒಂದು ಪಾಲು ಅವನ ಅಥವಾ ಹೆಂಡತಿಯ ಖಾತೆಯಲ್ಲೇ ಉಳಿಯಲಿ ಎಂದು ಮನೆಯ ಹಿರಿಯರು ಏಕೆ ಹೇಳಬಾರದು? ವಲೀಮಾದ ಪಂಕ್ತಿಗಳನ್ನು ಎಣಿಸಿ ಮರ್ಯಾದೆ ಅಳೆಯುವ ಚಾಳಿಯನ್ನು ಏಕೆ ಬಿಡಬಾರದು?

ಮರಳಿದವರಿಗೂ ಒಂದು ಮಾತು. ನೀವಿಲ್ಲದಾಗ ಮಕ್ಕಳ ಶಾಲೆ, ಅತ್ತೆಯ ಆಸ್ಪತ್ರೆ, ಬ್ಯಾಂಕಿನ ಕಂತು ಎಲ್ಲವನ್ನೂ ನಡೆಸಿದವಳು ನಿಮ್ಮ ಹೆಂಡತಿ. ಬಂದ ವಾರವೇ ಬೀಗದ ಕೈ ಕೇಳಬೇಡಿ. ನಿಮ್ಮನ್ನು ಫೋನಿನಲ್ಲಿ ಮಾತ್ರ ಕಂಡ ಮಕ್ಕಳಿಗೂ ನಿಮ್ಮ ಗುರುತು ಹತ್ತಲು ಸಮಯ ಬೇಕು.

2009ರಲ್ಲಿ, 2019ರಲ್ಲಿ ಮಲಪ್ರಭೆ ಉಕ್ಕಿ ಈ ದಂಡೆಯ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಅವರಿಗೆ ರೊಟ್ಟಿ ಕೊಟ್ಟವರು ಜಾತಿ ಧರ್ಮ ನೋಡಲಿಲ್ಲ, ಯಾವಾಗ ಹೋಗುತ್ತೀರಿ ಎಂದೂ ಕೇಳಲಿಲ್ಲ. ಆ ಗುಣ ನಮ್ಮಲ್ಲಿದೆ. ಇನ್ನು ಮೇಲೆ ಸ್ಟೇಷನ್ನಿನ ಹಾದಿಯಲ್ಲಿ ಅಂಥವರೊಬ್ಬರು ಸಿಕ್ಕರೆ ಹೀಗೆನ್ನಿ: ‘ಆರಾಮ ಅದೀರಿಲ್ರಿ? ನಾಳೆ ಮನೀಕಡೆ ಬರ್ರಿ, ಫ್ಯಾನ್ ತಿರಗವಲ್ದು.’ ಬಂದರೆ ಚಹಾ ಕೊಡಿ. ಕೂಲಿಯನ್ನೂ ಕೊಡಿ.